ಗೊತ್ತಿಲ್ಲದ್ದು ಬಿಟ್ಟು ಮುಂದೆ ಹೋಗಿ

ಸೋಮವಾರ, 3. ಸಂಜೆ 6.20

ಇವತ್ತೂ ಇಪ್ಪತ್ತಾರು ಜನ. ಇಪ್ಪತ್ತಾರು ಹೆಡ್‌ಫೋನ್ ಒರೆಸಿ ಕೊಟ್ಟೆ, ಇಪ್ಪತ್ತಾರು ವಾಪಸ್ ತೆಗೆದುಕೊಂಡೆ. ಈಗ ಇದೇ ನನ್ನ ಕೆಲಸವಂತೆ! ಮದುವೆಗೆ ರಜೆ ಹಾಕುವವರೆಗೆ ಟೆಸ್ಟ್ ಪೇಪರ್ ತಿದ್ದುತ್ತಿದ್ದವಳು ನಾನು. ಗ್ರಾಮರ್‌ಗೆ ಒಂದು ಹಾಳೆ, ವೊಕ್ಯಾಬ್ಯುಲರಿಗೆ ಒಂದು ಹಾಳೆ, ಆಮೇಲೆ ಎದುರು ಕೂರಿಸಿಕೊಂಡು ಐದು ನಿಮಿಷ ಮಾತು. ಇಂಗ್ಲಿಷ್ ಕಲಿಯಲು ಬಂದವರು ಲೆವೆಲ್ ಒಂದೋ ಐದೋ ಎಂದು ಬರೆದು ಸಹಿ ಹಾಕುತ್ತಿದ್ದೆ. ರಜೆ ಮುಗಿಸಿ ಬಂದು ನೋಡಿದರೆ ಹಾಳೆಯೂ ಇಲ್ಲ, ಸಹಿಯೂ ಇಲ್ಲ. ಹತ್ತು ಕಂಪ್ಯೂಟರ್, ಹೊಸ ಪ್ರೋಗ್ರಾಂ. ಲೆವೆಲ್ಲನ್ನು ಅದೇ ಹೇಳುತ್ತದೆ, ಚೀಟಿಯನ್ನೂ ಅದೇ ಪ್ರಿಂಟ್ ಮಾಡುತ್ತದೆ. ನಾವು ಸ್ಕ್ರೀನ್ ಕಡೆ ನೋಡುವ ಹಾಗೂ ಇಲ್ಲ. ರೂಲ್.

"ನಮಗೆ ಟ್ರೇನಿಂಗ್ ಯಾವಾಗ ಮೇಡಂ?" ಎಂದು ಹೆಡ್ ಮೇಡಂ ಅವರನ್ನು ಕೇಳಿದೆ.

"ಹೆಡ್‌ಫೋನ್ ಕೊಡಕ್ಕೆ ಟ್ರೇನಿಂಗ್ ಬೇಕಾ ನಿಂಗೆ? ಮದುವೆಯಾಗಿ ಬುದ್ಧಿ ಎಲ್ಲೋ ಬಿಟ್ಟು ಬಂದಿದೀಯ."

ಪಕ್ಕದಲ್ಲಿದ್ದ ಅಕೌಂಟೆಂಟ್ ಕಿಸಕ್ಕೆಂದ. ಮೈಯೆಲ್ಲ ಉರಿದು ಹೋಯಿತು. ಸಿಟ್ಟಿಗೆ ಇವತ್ತಿನ ಹೆಡ್‌ಫೋನ್ ವೈರ್‌ಗಳನ್ನೆಲ್ಲ ಗಂಟು ಹಾಕಿಬಿಟ್ಟೆ. ಆಮೇಲೆ ಬಿಡಿಸಿದವಳೂ ನಾನೇ, ಬೇರೆ ಯಾರು?

ಮದುವೆಯಾಗಿ ಇವತ್ತಿಗೆ ಮೂವತ್ತೆಂಟನೇ ದಿನ!! ಅದೊಂದೇ ಸಂತೋಷ. ಬಾಗಿಲು ತೆಗೆದ ಗಂಡ "ಬನ್ನಿ ಟೀಚರಮ್ಮ" ಎಂದ. ಅತ್ತೆಯ ಮುಂದೆ ಅವನಿಗೆ "ರೀ" ಎನ್ನಬೇಕು, ಅವರು ಆಚೆ ಹೋದ ತಕ್ಷಣ "ಲೋ". ಇವತ್ತು ಅದಲುಬದಲಾಗಿ ಅತ್ತೆಯ ಎದುರಿಗೇ "ಲೋ" ಎಂದುಬಿಟ್ಟೆ. ಅತ್ತೆ ನಗದೆ ಒಳಗೆ ಹೋದರು, ಬೆನ್ನು ಮಾತ್ರ ಅಲುಗುತ್ತಿತ್ತು. ಐ ಸ್ವೇರ್, ನಗುತ್ತಿದ್ದರು.

ಮಂಗಳವಾರ, 4. ರಾತ್ರಿ ಊಟಕ್ಕೆ ಮೊದಲು

ಅತ್ತೆ ನನ್ನ ಹತ್ತಿರ ಒಂದು ವಿಷಯ ಕೇಳಿದರು. ಮೂವತ್ತೊಂಬತ್ತು ದಿನದಲ್ಲಿ ಮೊದಲ ಸಲ!

ಅವರಿರುವುದು ಆಸ್ಪತ್ರೆಯ ಲಾಂಡ್ರಿಯಲ್ಲಿ. ಹತ್ತೊಂಬತ್ತು ವರ್ಷ. ಅಲ್ಲಿನ ಇನ್‌ಚಾರ್ಜ್ ನಿವೃತ್ತಿಯಾಗುತ್ತಿದ್ದಾರೆ. ಆ ಜಾಗ ನ್ಯಾಯವಾಗಿ ಅತ್ತೆಗೆ ಬರಬೇಕು. ಆದರೆ ಹೊಸ ಮೆಷಿನ್‌ಗಳ ರಿಪೋರ್ಟ್ ಇಂಗ್ಲಿಷಿನಲ್ಲಿ ಬರೆಯಬೇಕಂತೆ. ಅದಕ್ಕೆ ಲೆವೆಲ್ ಮೂರು ಇರಲೇಬೇಕೆಂದು ಮೇಟ್ರನ್ ಹೇಳಿದ್ದಾರೆ. ಲಾಂಡ್ರಿಯ ಹದಿನೆಂಟೂ ಜನರನ್ನು ಗುರುವಾರ ಟೆಸ್ಟ್‌ಗೆ ಕಳಿಸುತ್ತಿದ್ದಾರೆ, ನಮ್ಮಲ್ಲಿಗೇ! ಯಾರಿಗೂ ಮೂರು ಬರದಿದ್ದರೆ ಹೊರಗಿನವರನ್ನು ತಂದು ಕೂರಿಸುತ್ತಾರೆ.

"ನಿನ್ನೆ ಮೊನ್ನೆ ಬಂದೋರು ಬಂದು ನಂಗೆ ಬೆಡ್‌ಶೀಟ್ ಮಡಚೋದು ಹೇಳಿಕೊಡ್ತಾರೆ," ಎಂದರು ಅತ್ತೆ. ಗಲ್ಲ ಅದುರಿತು. ಅವರಿಗೂ ಸಿಟ್ಟು ಬರುತ್ತದೆ ಎಂದು ಗೊತ್ತೇ ಇರಲಿಲ್ಲ. ಐ ಲವ್ ಹರ್!

ಹೇಳಿಕೊಡ್ತೀಯಾ ಎಂದರು, ಎರಡು ಗಂಟೆ ಕೂತೆವು. ಒಂದೊಂದು ಕಡೆ ತಡವರಿಸುತ್ತಾರೆ, ಆದರೂ ಪರವಾಗಿಲ್ಲ. ಹೆದರಿಕೆಯೇ ಜಾಸ್ತಿ. ಒಂದು ಪ್ರಶ್ನೆ ಬರದಿದ್ದರೆ ಅಲ್ಲೇ ಕಲ್ಲಾಗಿ ಕೂರುತ್ತಾರೆ. ಅದಕ್ಕೆ ಹೇಳಿದೆ, "ಅತ್ತೆ, ಗೊತ್ತಿಲ್ಲದ್ದು ಬಿಟ್ಟು ಮುಂದೆ ಹೋಗಿ. ಗೊತ್ತಿರೋದೆಲ್ಲ ಮುಗಿಸಿ ಆಮೇಲೆ ವಾಪಸ್ ಬನ್ನಿ. ಸ್ಕೂಲಲ್ಲಿ ನಮಗೆ ಹಂಗೇ ಹೇಳಿಕೊಟ್ಟಿದ್ದು. ನಾನು ಹಂಗೇ ಫಸ್ಟ್ ಬಂದಿದ್ದು."

"ಬಿಡಬಹುದಾ?"

"ಧಾರಾಳವಾಗಿ."

ಅವನು ಬಾಗಿಲಲ್ಲಿ ನಿಂತು, "ಅಮ್ಮ, ಲೆವೆಲ್ ಐದು ಬಂದ್ರೆ ನಮ್ಮ ಜೊತೆ ಕನ್ನಡದಲ್ಲಿ ಮಾತಾಡ್ತೀಯ ತಾನೇ?" ಎಂದ. ಅತ್ತೆ ಪೆನ್ಸಿಲ್ ಎಸೆದರು. ಗುರಿ ಚೆನ್ನಾಗಿದೆ.

ಗುರುವಾರ, 6. ಸಂಜೆ

ಲೆವೆಲ್ ಒಂದು.

ಒಂದು!!!

ಸಂಬಂಧಿಕರ ಟೆಸ್ಟ್ ಇದ್ದಾಗ ರೂಮಿನಲ್ಲಿ ಇರಬಾರದು ಎಂದು ಹೆಡ್ ಮೇಡಂ ನನ್ನನ್ನು ಆಚೆ ಕಳಿಸಿದರು. ಅದು ಸರಿಯೇ. ಮುಕ್ಕಾಲು ಗಂಟೆ ಕಾರಿಡಾರ್‌ನಲ್ಲಿ ಬೆಂಚಿನ ತುದಿಗೆ ಕೂತಿದ್ದೆ. ಅತ್ತೆ ಆಚೆ ಬಂದಾಗ ಮುಖ ಅರಳಿತ್ತು. "ಚೆನ್ನಾಗಾಯ್ತು ಕಣಮ್ಮ. ಹೋಗ್ತಾ ಹೋಗ್ತಾ ಎಲ್ಲಾ ಸುಲಭ ಆಯ್ತು," ಎಂದರು. ಹತ್ತು ನಿಮಿಷಕ್ಕೆ ಪ್ರಿಂಟರ್ ಚೀಟಿ ಉಗುಳಿತು. ಅತ್ತೆ ಅದನ್ನು ಎರಡು ಸಲ ಓದಿ ನಾಲ್ಕಾಗಿ ಮಡಚಿ ಬ್ಯಾಗಿಗೆ ಹಾಕಿಕೊಂಡರು. ನನ್ನನ್ನು ಕಾಯದೆ ಬಸ್ ಹತ್ತಿದರು.

ಲೆವೆಲ್ ಒಂದು ಅಂದರೆ ತನ್ನ ಹೆಸರು, ವಯಸ್ಸು, ಇದು ಬೆಕ್ಕು, ಅದು ನಾಯಿ. ಮೊನ್ನೆ ನನ್ನ ಜೊತೆ ಲಾಂಡ್ರಿಯ ಬಾಯ್ಲರ್ ಬಗ್ಗೆ ಆರು ವಾಕ್ಯ ಹೇಳಿದ ಹೆಂಗಸು!

ಯಾರ ಮೇಲೆ ಸಿಟ್ಟು ಎಂದು ಗೊತ್ತಿಲ್ಲ. ಎಲ್ಲರ ಮೇಲೂ.

ಶುಕ್ರವಾರ, 7. ಬೆಳಿಗ್ಗೆ 7.40

ಅವನ ಮೇಲೆ!

ರಾತ್ರಿ ಊಟದ ಹೊತ್ತಿಗೆ "ಒಂದನೇ ಲೆವೆಲ್ಲಾ? ಹಂಗಾದ್ರೆ ಅಮ್ಮನ್ನ ಎಲ್‌ಕೆಜಿಗೆ ಸೇರಿಸೋಣ, ವ್ಯಾನ್ ಬರುತ್ತೆ," ಎಂದು ನಕ್ಕ. ಅತ್ತೆಯೂ ತುಟಿ ಅಲುಗಿಸಿದರು. ಆಮೇಲೆ ತಟ್ಟೆಯಲ್ಲಿ ಅರ್ಧ ಬಿಟ್ಟು ಎದ್ದರು.

ರೂಮಿಗೆ ಬಂದ ಮೇಲೆ ಅವನಿಗೆ ಚೆನ್ನಾಗಿ ಉಗಿದೆ. ಇಂಗ್ಲಿಷಿನಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸಿದೆ. ಬೈಯಲು ಕನ್ನಡವೇ ವಾಸಿ. "ತಮಾಷೆಗೆ ಅಂದೆ ಕಣೇ," ಎಂದ. ಯಾರಿಗೆ ತಮಾಷೆ? ದಿಂಬು ಮಧ್ಯೆ ಇಟ್ಟುಕೊಂಡು ಮಲಗಿದೆ. ಮದುವೆಯಾದ ಮೇಲೆ ಮೊದಲ ಸಲ. ಬೆಳಿಗ್ಗೆ ನೋಡಿದರೆ ದಿಂಬು ನೆಲದ ಮೇಲಿತ್ತು, ಅವನ ಕೈ ನನ್ನ ಮೇಲೆ. ಆದರೂ ಸಿಟ್ಟು ಇಳಿದಿಲ್ಲ.

ಮಧ್ಯಾಹ್ನ 3

ಅತ್ತೆಗೆ ಫೋನ್ ಮಾಡಿದೆ. ಹಿಂದೆ ಮೆಷಿನ್ ಸದ್ದು. ನಿಜವಾಗಿ ಏನಾಯಿತು ಎಂದು ಕೇಳಿದೆ.

"ನೀನು ಹೇಳಿದ ಹಾಗೇ ಮಾಡ್ದೆ. ಮೊದಲನೆಯದೇ ಡೌಟ್ ಇತ್ತು, ಬಿಟ್ಟೆ. ಎರಡನೆಯದೂ ಬಿಟ್ಟೆ. ಹಿಂಗೆ ಐದಾರು ಬಿಟ್ಟೆ. ಆಮೇಲೆ ಸುಲಭದ್ದೇ ಬರಕ್ಕೆ ಶುರುವಾಯ್ತು. ಬೆಕ್ಕು ಎಲ್ಲಿದೆ, ಮೇಜಿನ ಕೆಳಗಿದೆ... ಎಲ್ಲಾ ಸರಿ ಮಾಡ್ದೆ. ಬಿಟ್ಟಿದ್ದಕ್ಕೆ ವಾಪಸ್ ಹೋಗಣ ಅಂತ ನೋಡಿದ್ರೆ ದಾರೀನೇ ಇರ್ಲಿಲ್ಲ. ಮುಗೀತು ಅಂತ ಬಂತು."

ಕೈಲಿದ್ದ ಹೆಡ್‌ಫೋನ್ ಕೆಳಗಿಟ್ಟೆ.

"ನಾನೊಬ್ಳೇ ಅಲ್ಲ," ಎಂದರು ಅತ್ತೆ. "ನಮ್ಮ ಶಿಫ್ಟ್‌ನೋರಿಗೆಲ್ಲ ಹೇಳಿದ್ದೆ. ನನ್ನ ಸೊಸೆ ಅಲ್ಲೇ ಕೆಲಸದಲ್ಲಿರೋದು, ಇಂಗ್ಲಿಷ್ ಸ್ಕೂಲಲ್ಲಿ ಓದಿರೋಳು, ಅವಳು ಹಿಂಗಿಂಗೆ ಮಾಡಿ ಅಂದಿದಾಳೆ ಅಂತ. ನಾನೂ ಸೇರಿ ಹದಿಮೂರು ಜನಕ್ಕೂ ಒಂದೇ ಬಂದಿರೋದು. ಉಳಿದ ಐದು ಜನಕ್ಕೆ ಎರಡು."

ಮೆಷಿನ್ ಸದ್ದು. ಫೋನ್ ಇಟ್ಟರು.

ಶನಿವಾರ, 8. ಸಂಜೆ 5

ಮಧ್ಯಾಹ್ನ ಎಲ್ಲರೂ ಹೋದ ಮೇಲೆ ನಾನೇ ಕೂತು ಟೆಸ್ಟ್ ತೆಗೆದುಕೊಂಡೆ. ನನ್ನದೇ ಹೆಸರಲ್ಲಿ. ಮೊದಲ ಆರು ಪ್ರಶ್ನೆ ಬೇಕೆಂದೇ ಬಿಟ್ಟೆ. ಏಳನೆಯದರಿಂದ ಶುರುವಾಯಿತು... ಬೆಕ್ಕು, ಮೇಜು, ನನ್ನ ತಮ್ಮನ ವಯಸ್ಸು. ಉಳಿದದ್ದೆಲ್ಲ ಸರಿ ಉತ್ತರ. ಪ್ರಿಂಟರ್ ಚೀಟಿ ಕೊಟ್ಟಿತು.

ಲೆವೆಲ್ ಒಂದು. ನಾನು! ಕನಸನ್ನೂ ಇಂಗ್ಲಿಷಿನಲ್ಲಿ ಕಾಣುವವಳು!

ಈಗ ಅರ್ಥವಾಯಿತು. ಸರಿ ಉತ್ತರ ಕೊಟ್ಟರೆ ಅದು ಮುಂದಿನದನ್ನು ಕಷ್ಟದ್ದು ಕೊಡುತ್ತದೆ. ತಪ್ಪಾದರೆ ಸುಲಭದ್ದು. ಬಿಟ್ಟರೆ ತಪ್ಪೆಂದೇ ಲೆಕ್ಕ. ಶುರುವಿನ ಐದಾರರಲ್ಲೇ ಅದು ಲೆವೆಲ್ ಗೊತ್ತು ಮಾಡಿಬಿಡುತ್ತದೆ, ಅಲ್ಲೇ ಜಾರಿದರೆ ಮೇಲೆ ಹತ್ತುವ ಮೆಟ್ಟಿಲೇ ಇಲ್ಲ. ಅತ್ತೆಗೆ ಸುಲಭವಾಗುತ್ತಾ ಹೋಯಿತಲ್ಲ, ಅವರು ಖುಷಿಪಡುತ್ತಿದ್ದರಲ್ಲ, ಆಗ ಅವರು ಇಳಿಯುತ್ತಿದ್ದರು.

ಚೀಟಿ ಹಿಡಿದು ನೇರ ಹೆಡ್ ಮೇಡಂ ರೂಮಿಗೆ.

"ಮೊದಲನೇ ಪೇಜಲ್ಲೇ ಬರೆದಿದೆಯಲ್ಲ, ಬಿಟ್ರೆ ವಾಪಸ್ ಬರಕ್ಕಾಗಲ್ಲ ಅಂತ," ಎಂದರು.

"ಇಂಗ್ಲಿಷಲ್ಲಿ ಬರೆದಿದೆ ಮೇಡಂ. ಅದೂ ಎಂಥಾ ಇಂಗ್ಲಿಷ್! ಅದನ್ನ ಓದಿ ಅರ್ಥ ಮಾಡ್ಕೊಳಕ್ಕೆ ಲೆವೆಲ್ ಐದು ಬೇಕು. ಐದು ಇದ್ದೋರು ಇಲ್ಲಿಗೆ ಯಾಕೆ ಬರ್ತಾರೆ?"

"ಮೆಷಿನ್ ಮಾಡಿದೋರಿಗಿಂತ ನಿಂಗೆ ಜಾಸ್ತಿ ಗೊತ್ತು ಅಲ್ವಾ? ಎರಡು ತಿಂಗಳಾದ ಮೇಲೆ ಮತ್ತೆ ಬರೀಲಿ. ರೂಲ್ ಅಂದ್ರೆ ರೂಲ್."

ಇನ್‌ಚಾರ್ಜ್ ಯಾರು ಎಂದು ಶುಕ್ರವಾರ ತೀರ್ಮಾನವಾಗುತ್ತದೆ. ಎರಡು ತಿಂಗಳಂತೆ! ಮೇಜಿನ ಮೇಲಿದ್ದ ಪೇಪರ್‌ವೆಯ್ಟ್ ಕಡೆ ಕೈ ಹೋಗಿತ್ತು. ವಾಪಸ್ ಎಳೆದುಕೊಂಡೆ.

ಸೋಮವಾರ, 10. ಸಂಜೆ

ನಿನ್ನೆ ಏನೂ ಬರೆಯಲಿಲ್ಲ. ಬರೆದಿದ್ದರೆ ಹಾಳೆ ಹರಿಯುತ್ತಿತ್ತು.

ಇವತ್ತು ಅತ್ತೆಗೆ ಚೀಟಿ ತೋರಿಸಿದೆ. ನೋಡಿ, ನನಗೂ ಒಂದು! ಮೆಷಿನ್ನೇ ಸರಿಯಿಲ್ಲ! ಅವನು ನೋಡಿ ಜೋರಾಗಿ ನಕ್ಕ. ಅಮ್ಮನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದ. ಪುಣ್ಯಾತ್ಮ, ಕಲಿಯುತ್ತಿದ್ದಾನೆ.

"ಇದನ್ನ ಯಾರಿಗೆ ತೋರಿಸ್ತೀಯ?" ಅತ್ತೆ ಕೇಳಿದರು.

"ಮೇಟ್ರನ್‌ಗೆ. ನಾಡಿದ್ದೇ ಹೋಗೋಣ."

"ತೋರಿಸಿ ಏನಂತೀಯ?"

"ಮೆಷಿನ್ ಮೋಸ ಮಾಡಿದೆ ಅಂತೀನಿ."

"ಬಿಟ್ಟು ಮುಂದೆ ಹೋಗಿ ಅಂದಿದ್ದು ಮೆಷಿನ್ನಾ?"

ಕೈಲಿದ್ದ ಚೀಟಿ ಮಡಚಿದೆ.

"ನಮ್ಮಲ್ಲಿ ಒಂದು ಶೀಟ್ ಹರಿದ್ರೆ ಚೀಟಿ ಬರೆದು ಪಿನ್ ಮಾಡ್ತೀವಿ. ಏನಾಯ್ತು, ಯಾರ ಕೈಲಾಯ್ತು, ಸಹಿ. ಮೆಷಿನ್ ಹರಿದಿದ್ರೂ ಮೆಷಿನ್ ಮುಂದೆ ಯಾರಿದ್ರು ಅಂತ ಬರೀತೀವಿ. ಹತ್ತೊಂಬತ್ತು ವರ್ಷದಲ್ಲಿ ನಾಲ್ಕು ಚೀಟಿಗೆ ನನ್ನ ಸಹಿ ಇದೆ. ನಾಚಿಕೆ ಆಗಲ್ವಾ? ಆಗುತ್ತೆ. ಆದ್ರೂ ಹಾಕಿದೀನಿ. ಹನ್ನೆರಡು ಜನ ದಿನಾ ನನ್ನ ಮುಖ ನೋಡ್ತಾರೆ ಕಣಮ್ಮ. ನಿನ್ನ ಸೊಸೆ ಮಾತು ಕೇಳಿ ಕೆಟ್ವಿ ಅಂತ ಬಾಯಿಬಿಟ್ಟು ಹೇಳಲ್ಲ. ನೋಡ್ತಾರೆ, ಅಷ್ಟೆ."

ಎಂಥಾ ಕೋಪ ಬಂತು! ಅವರಿಗಾಗಿ ಹೆಡ್ ಮೇಡಂ ಜೊತೆ ಜಗಳವಾಡಿದವಳು ನಾನು, ಅವರಿಗಾಗಿ ಗಂಡನ ಜೊತೆ ದಿಂಬು ಯುದ್ಧ ಮಾಡಿದವಳು ನಾನು. ನನ್ನನ್ನೇ ಅಪರಾಧಿ ಮಾಡಿದರಲ್ಲ! ಟ್ರೇನಿಂಗ್ ಕೊಡದವರು ಅವರು, ಸ್ಕ್ರೀನ್ ನೋಡಬೇಡ ಎಂದವರು ಅವರು. ನನಗೆ ಹೇಗೆ ಗೊತ್ತಾಗಬೇಕು?

ಗೊತ್ತಿಲ್ಲದೆ ಯಾಕೆ ಹೇಳಿದೆ?

ಗೊತ್ತಿಲ್ಲ ಎಂದು ಹೇಳಲು ನನಗೆ ಬರುವುದಿಲ್ಲ. ಅದಕ್ಕೆ ಹೇಳಿದೆ. ಸ್ಕೂಲಿನಲ್ಲಿ ಕೈ ಎತ್ತುತ್ತಿದ್ದ ಹಾಗೆ, ಪ್ರಶ್ನೆ ಮುಗಿಯುವ ಮೊದಲೇ.

ಮಂಗಳವಾರ, 11

ಬರೆದೆ. ನಾಲ್ಕು ಸಲ ಹರಿದೆ. ಮೊದಲ ನಾಲ್ಕರಲ್ಲಿ ಬರೀ ಹೆಡ್ ಮೇಡಂ ಇದ್ದರು. ಐದನೆಯದರಲ್ಲಿ ನಾನು ಬಂದೆ. ಕನ್ನಡದಲ್ಲೇ ಬರೆದೆ, ಹದಿಮೂರು ಜನರೂ ಓದಬೇಕಲ್ಲ. ಏನಾಯಿತು, ಯಾರಿಂದಾಯಿತು, ಸಹಿ. ಜೊತೆಗೆ ನನ್ನ ಲೆವೆಲ್ ಒಂದರ ಚೀಟಿ ಪಿನ್ ಮಾಡಿದೆ.

ಅವನು ಓದಿ, "ಕೆಲಸ ಹೋದ್ರೆ?" ಎಂದ.

"ಹೋಗ್ಲಿ. ನೀನು ಸಾಕ್ತೀಯ ತಾನೇ?"

"ಟೀಚರಮ್ಮನ್ನ ಸಾಕೋದು ಕಷ್ಟ. ಆನೆ ಆದ್ರೆ ನೋಡಬಹುದಿತ್ತು."

ಈ ಸಲ ಪೆನ್ಸಿಲ್ ಎಸೆದವಳು ನಾನು.

ಬುಧವಾರ, 12. ಮಧ್ಯಾಹ್ನ

ಮೇಟ್ರನ್ ಕಾಗದವನ್ನು ನಿಧಾನವಾಗಿ ಓದಿದರು. ಅತ್ತೆ ಪಕ್ಕದಲ್ಲಿ ನೆಟ್ಟಗೆ ನಿಂತಿದ್ದರು, ಕೂರಿ ಎಂದರೂ ಕೂರಲಿಲ್ಲ. ಬಾಗಿಲಾಚೆ ಲಾಂಡ್ರಿಯ ಏಳೆಂಟು ಜನ.

"ಅಂದ್ರೆ ತಪ್ಪು ಮೆಷಿನ್‌ದಾ, ನಿಮ್ದಾ?"

"ಎರಡೂ, ಮೇಡಂ. ಆದ್ರೆ ಇವರ್ಯಾರದೂ ಅಲ್ಲ."

ಅಲ್ಲೇ ಹೆಡ್ ಮೇಡಂಗೆ ಫೋನ್ ಮಾಡಿದರು. ಈ ಕಡೆಯ ಮಾತಷ್ಟೇ ಕೇಳಿಸಿತು. "ಎರಡು ತಿಂಗಳು ಕಾಯಕ್ಕೆ ನಮ್ಮ ಪೇಷಂಟ್‌ಗಳು ಒದ್ದೆ ಶೀಟ್ ಮೇಲೆ ಮಲಗಬೇಕಾ? ... ಇಲ್ಲ, ಪೇಪರ್ ಟೆಸ್ಟೇ ಬೇಕು. ಇಲ್ಲೇ. ನಾಳೆ. ... ಆ ಹುಡುಗಿ ಸಹಿ ಹಾಕಿ ಕೊಟ್ಟಿದಾಳೆ, ನೀವೂ ಒಂದು ಸಹಿ ಹಾಕಿ ಕೊಡ್ತೀರಾ?"

ನಾಳೆ ಹದಿಮೂರೂ ಜನಕ್ಕೆ ಮತ್ತೆ ಟೆಸ್ಟ್! ಕುಣಿಯಬೇಕೆನ್ನಿಸಿತು. ಕುಣಿದೆ, ಲಿಫ್ಟ್‌ನಲ್ಲಿ. ಅತ್ತೆ ಕುಣಿಯಲಿಲ್ಲ. "ಬರೀಬೇಕಾದೋಳು ನಾನು," ಎಂದರು.

ಸಂಜೆ: ನಾಳೆಯಿಂದ ಟೆಸ್ಟ್ ರೂಮಿಗೆ ಕಾಲಿಡಬೇಡ, ರಿಸೆಪ್ಷನ್‌ನಲ್ಲಿ ಕೂರು ಎಂದು ಹೆಡ್ ಮೇಡಂ ಮೆಸೇಜ್ ಹಾಕಿದ್ದಾರೆ. ಕೊನೆಗೆ ಒಂದು ನಗುವ ಮುಖ. ಆ ನಗುವ ಮುಖಕ್ಕೆ ಹೊಡೆಯಬೇಕು.

ಶುಕ್ರವಾರ, 14. ಸಂಜೆ 4.45

ಅತ್ತೆಗೆ ಎರಡು. ಮೂರಲ್ಲ, ಎರಡು. ಪೇಪರ್ ತಿದ್ದಿದ್ದು ನಮ್ಮ ಇನ್ನೊಬ್ಬ ಟೆಸ್ಟರ್, ನನಗಿಂತ ಕಟ್ಟುನಿಟ್ಟು. ನಾನೇ ತಿದ್ದಿದ್ದರೂ ಎರಡೇ ಕೊಡುತ್ತಿದ್ದೆನೇನೋ. ಪ್ರಾಮಾಣಿಕವಾಗಿ ಬರೆಯುತ್ತಿದ್ದೇನೆ.

ಮೂರು ಬಂದದ್ದು ಅತ್ತೆಯ ಪಕ್ಕದಲ್ಲೇ ಇಸ್ತ್ರಿ ಮಾಡುವ ಒಬ್ಬರಿಗೆ ಮಾತ್ರ. ಕಳೆದ ವಾರ ಅವರಿಗೂ ಒಂದೇ ಬಂದಿತ್ತು. ಇವತ್ತು ಅವರನ್ನೇ ಇನ್‌ಚಾರ್ಜ್ ಮಾಡಿದರು. ಹೊರಗಿನವರು ಬರುವುದಿಲ್ಲ. ಆದರೆ ಅತ್ತೆಗೂ ಆ ಜಾಗ ಇಲ್ಲ.

ಅಡುಗೆಮನೆಯಲ್ಲಿ ನಿಂತು ಗೋಳೋ ಎಂದು ಅತ್ತುಬಿಟ್ಟೆ. ಅತ್ತೆ ಗದರಿದರು. "ನೀನ್ಯಾಕೆ ಅಳೋದು? ಪರೀಕ್ಷೆ ಬರೆದೋಳು ನಾನು." ಅವರ ಕಣ್ಣೂ ಕೆಂಪಗಿತ್ತು. ಸಿಟ್ಟಿನ ಕೆಂಪು, ನನಗೆ ಈಗ ಗುರುತು ಸಿಗುತ್ತದೆ. "ಆ ಒಂದು ನಂದಲ್ಲ. ಈ ಎರಡು ನಂದು. ಅವಳಿಗೆ ಜಾಗ ಸಿಕ್ಕಿದ್ದಕ್ಕೆ ಹೊಟ್ಟೆಕಿಚ್ಚಿಲ್ಲ, ಒಳ್ಳೆ ಕೆಲಸಗಾರ್ತಿ. ಹತ್ತೊಂಬತ್ತು ವರ್ಷ ಒಂದು ಕಡೆ ಇಟ್ಟು, ಎರಡು ಹಾಳೆ ಒಂದು ಕಡೆ ಇಟ್ಟು ತೂಗಿದ್ರಲ್ಲ, ಅದು ಉರೀತಿದೆ ನಂಗೆ."

ಏನು ಹೇಳಬೇಕೆಂದು ತಿಳಿಯಲಿಲ್ಲ. ತಿಳಿಯಲಿಲ್ಲ ಎಂದೇ ಹೇಳಿದೆ.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. "ನೈಟ್ ಶಿಫ್ಟ್‌ಗೂ ಒಬ್ರು ಇನ್‌ಚಾರ್ಜ್ ಬೇಕಂತೆ. ಎರಡು ತಿಂಗಳಾದ ಮೇಲೆ ಮತ್ತೆ ಟೆಸ್ಟ್. ದಿನಾ ಐದು ಗಂಟೆಗೆ ಕೂರೋದು. ಒಂದು ಪ್ರಶ್ನೆನೂ ಬಿಡಕೂಡದು. ನಿಂಗೆ ಗೊತ್ತಿಲ್ಲದ್ದು ಬಂದ್ರೆ ಗೊತ್ತಿಲ್ಲ ಅನ್ನು, ಇಬ್ರೂ ಹುಡುಕೋಣ."

ಐದಕ್ಕೆ ಇನ್ನೂ ಕಾಲು ಗಂಟೆಯಿದೆ ಎಂದು ಇಲ್ಲಿ ಬಂದು ಕೂತೆ. ಹೆಡ್ ಮೇಡಂ ಬಗ್ಗೆ ಒಂದು ಪುಟ ಬರೆಯುವುದು ಬಾಕಿ ಇದೆ. ರಿಸೆಪ್ಷನ್ ಮೇಜಿನಿಂದ ಟೆಸ್ಟ್ ರೂಮಿನ ಬಾಗಿಲು ಚೆನ್ನಾಗಿ ಕಾಣುತ್ತದೆ, ಒಳಗೆ ಹೋಗುವ ಪ್ರತಿಯೊಬ್ಬರಿಗೂ ಇವತ್ತು ಬಾಯಿಬಿಟ್ಟು ಹೇಳಿ ಕಳಿಸಿದೆ, ಬಿಟ್ಟರೆ ವಾಪಸ್ ಬರಲಾಗದು ಎಂದು, ಕನ್ನಡದಲ್ಲಿ. ಮೇಡಂ ಗಾಜಿನಾಚೆಯಿಂದ ಕೆಂಗಣ್ಣು ಬಿಡುತ್ತಿದ್ದರು, ನಾನು ಕೈ ಬೀಸಿದೆ, ಸೋಮವಾರ ಕರೆದು ಏನಾದರೂ ಅಂದರೆ ನಾನೂ

ಅತ್ತೆ ಬಂದರು. ಪುಸ್ತಕ ಮುಚ್ಚು ಅನ್ನುತ್ತಿದ್ದಾರೆ. ಒಂದೇ ನಿಮಿಷ ಅತ್ತೆ, ಈ ಸಾಲು ಮುಗಿ