ಹಳದಿ ಪಿಯೋನಿಗೆ ನಿನ್ನ ಹೆಸರು

ನಾರ್ತ್‌ಫೀಲ್ಡ್, ಮಿನ್ನೆಸೋಟ
ಜೂನ್ 21, 2009

ಪ್ರೀತಿಯ ತಂಗಿ ಸೋಲ್ವೇಗ್‌ಗೆ,

ಅಕ್ಕನ ಆಶೀರ್ವಾದಗಳು. ಮಂಡಿಯೊಂದನ್ನು ಬಿಟ್ಟರೆ ನಾನು ಚೆನ್ನಾಗಿಯೇ ಇದ್ದೇನೆ. ನಿನ್ನ ಒಪ್ಪಿಗೆ ಪತ್ರ ಈಸ್ಟರ್‌ಗೆ ಮುಂಚೆಯೇ ಕೈಸೇರಿತ್ತು. ಇಷ್ಟು ದಿನ ಉತ್ತರ ಬರೆಯಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡ. ಹೂವು ಬಿಡಲಿ, ಎಲ್ಲ ಒಟ್ಟಿಗೆ ಬರೆದರಾಯಿತು ಎಂದುಕೊಂಡೆ. ಬದುಕಿರುವವರ ಹೆಸರನ್ನು ಹೊಸ ಪಿಯೋನಿ ಹೂವಿನ ಗಿಡಕ್ಕೆ ಇಡಬೇಕಾದರೆ ಅವರ ಸಹಿ ಬೇಕೇ ಬೇಕು ಎನ್ನುತ್ತಾರೆ ಪಿಯೋನಿ ಸಂಘದವರು. ಸತ್ತವರದ್ದಾದರೆ ಈ ತಾಪತ್ರಯವಿಲ್ಲ. ನೀನು ಸಹಿಯ ಜೊತೆಗೆ ಉದ್ದಕ್ಕೆ ಕಾಗದವನ್ನೂ ಬರೆದೆ. "ಭಾವ ನನ್ನನ್ನ ಇಷ್ಟು ನೆನಪಿಟ್ಕೊಂಡಿದ್ರಾ ಅಕ್ಕಾ, ಓದಿ ಅತ್ತುಬಿಟ್ಟೆ" ಎಂದು. ಅಳು ನಿನಗೆ ಮೊದಲಿಂದಲೂ ಒಪ್ಪುತ್ತದೆ. ಮೂಗು ಕೆಂಪಾಗದೆ ಅಳುವವಳು ನಮ್ಮ ಮನೆಯಲ್ಲಿ ನೀನೊಬ್ಬಳೇ.

ಫೆಬ್ರವರಿಯಲ್ಲಿ ನಿನ್ನ ಭಾವ ಓರಿನ್ ತೀರಿಕೊಂಡಾಗ ನಿನಗೆ ಬರಲಾಗಲಿಲ್ಲ. ಅರಿಜೋನಾದ ಬಿಸಿಲು ಬಿಟ್ಟು ಬಂದರೆ ನಿನಗೆ ನೆಗಡಿ, ನನಗದು ಗೊತ್ತು. ನೀನು ಕಳಿಸಿದ ಕಿತ್ತಳೆ ಹಣ್ಣಿನ ಬುಟ್ಟಿ ತಲುಪಿತು. ಹಣ್ಣೆಲ್ಲ ದಾರಿಯಲ್ಲೇ ಹೆಪ್ಪುಗಟ್ಟಿದ್ದವು. ಚರ್ಚಿನ ಹೆಂಗಸರು ಒಂದನ್ನು ಮೇಜಿಗೆ ಕುಟ್ಟಿ, "ಸೋಲ್ವೇಗ್ ಪ್ರೀತಿ ನೋಡ್ರೇ, ಎಷ್ಟು ಗಟ್ಟಿ" ಎಂದು ನಕ್ಕರು. ಮನೆಗೆ ಬಂದ ಮೇಲೆ ನಾನೂ ನಕ್ಕೆ.

ಆಸ್ಪತ್ರೆಯಲ್ಲಿ ಅವನು ಹೇಳಿದ್ದನ್ನು ಮೊದಲಿನ ಕಾಗದದಲ್ಲಿ ಅರ್ಧ ಮಾತ್ರ ಬರೆದಿದ್ದೆ. ಪೂರ್ತಿ ಕೇಳು. ನಾನು ಸೂಪು ಕುಡಿಸುತ್ತಿದ್ದೆ. "ಆರ್ಡಿಸ್, ಆ ಹಳದಿಗೆ ಸೋಲ್ವೇಗ್ ಅಂತ ಇಡು" ಎಂದ. ಯಾಕೆ ಎಂದೆ. "ಯಾಕೆ ಅಂತ ಏನ್ ಕೇಳ್ತೀಯ. ಬೀಜ ಹಾಕ್ದಾಗ್ಲೇ ಅಂದ್ಕೊಂಡಿದ್ದೆ. ಹೂವು ನಿಜವಾಗ್ಲೂ ಚೆನ್ನಾಗಿ ಬಂದ್ರೆ ಮಾತ್ರ ಆ ಹೆಸರು ಇಡ್ಬೇಕು ಅಂತ." ಪಕ್ಕದಲ್ಲಿದ್ದ ನರ್ಸ್ ನನ್ನ ಮುಖ ನೋಡಿ ತಕ್ಷಣ ಕಿಟಕಿಯ ಕಡೆ ತಿರುಗಿದಳು. "ಸೂಪು ಆರ್ತಿದೆ, ಬಾಯಿ ತೆಗಿ" ಎಂದೆ ನಾನು. ತೆಗೆದ. ನನ್ನ ಹೊಟ್ಟೆ ಉರಿದುಹೋಯಿತು, ಸುಳ್ಳು ಹೇಳುವುದಿಲ್ಲ.

ನೀನು ಆ ಹೂವನ್ನು ಕಂಡಿಲ್ಲ. ಹಳದಿ ಎಂದರೆ ಬರೀ ಹಳದಿಯಲ್ಲ, ಬೆಣ್ಣೆ ಕರಗುವಾಗಿನ ಬಣ್ಣ, ಎಸಳಿನ ಬುಡದಲ್ಲಿ ಕಡುಗೆಂಪು. ಚಳಿಗಾಲಕ್ಕೆ ಪೂರ್ತಿ ಒಣಗಿ ಮತ್ತೆ ಬೇರಿನಿಂದ ಚಿಗುರುವ ಪಿಯೋನಿ ಒಂದು ಜಾತಿ, ಮರದ ಹಾಗೆ ಕಡ್ಡಿ ಉಳಿಸಿಕೊಂಡು ನಿಲ್ಲುವುದು ಇನ್ನೊಂದು. ಅವೆರಡೂ ಸುಲಭಕ್ಕೆ ಕೂಡುವುದಿಲ್ಲ. ಓರಿನ್ ಜೀವಮಾನವಿಡೀ ಕುಂಚ ಹಿಡಿದು ಪರಾಗ ಹಚ್ಚಿದ. ಸಿಕ್ಕ ಬೀಜವೆಲ್ಲ ಬಹುತೇಕ ಜಳ್ಳು. ಅವನು ಹಚ್ಚಿದ ಹೂವಿಗೆ ಜೇನುನೊಣ ಮುಟ್ಟದ ಹಾಗೆ ಚೀಲ ಕಟ್ಟುತ್ತಿದ್ದವಳು ನಾನು, ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕ ಪರಾಗದ ಡಬ್ಬಿ ಸಹಿಸಿಕೊಂಡವಳೂ ನಾನೇ. ಕಳೆದ ಬೇಸಿಗೆಯಲ್ಲಿ ಹಳದಿ ಮೊದಲ ಸಲ ಅರಳಿದಾಗ ನೋಡಿದ್ದು ನಾವಿಬ್ಬರೇ. ಎರಡನೆಯ ವರ್ಷವೂ ಹಾಗೆಯೇ ಬಿಟ್ಟರೆ ಮಾತ್ರ ಹೊರಗಿನವರಿಗೆ ತೋರಿಸುವುದು ಎಂಬುದು ಅವನ ಕಟ್ಟುನಿಟ್ಟು.

ಈ ವರ್ಷವೂ ಬಿಟ್ಟಿತು. ಹೋದ ಭಾನುವಾರ ವೆಂಡೆಲ್ ಕ್ರೂಸ್ ಬಂದಿದ್ದರು. ಅವರದ್ದು ದೊಡ್ಡ ಪಿಯೋನಿ ನರ್ಸರಿ, ಸಂಘದಲ್ಲೂ ಅವರ ಮಾತೇ ಮಾತು. ಹೆಂಡತಿ ಬರ್ನಡೀನ್‌ಳನ್ನೂ ಕರೆತಂದಿದ್ದರು. ಓರಿನ್ ಎರಡು ಗಿಡ ಬಿಟ್ಟುಹೋಗಿದ್ದಾನೆ ಎಂದು ಹೇಳಿ, ಮೊದಲು ಅವರನ್ನು ಗ್ಯಾರೇಜಿನ ಹಿಂದಕ್ಕೆ ಕರೆದೊಯ್ದೆ. ಅಲ್ಲೊಂದು ಗುಲಾಬಿ ಬಣ್ಣದ ಪಿಯೋನಿ ಇದೆ. ತಲೆ ದಪ್ಪ, ದಂಟು ಸಣ್ಣ. ಹಿಂದಿನ ದಿನದ ಮಳೆಗೆ ಹೂವೆಲ್ಲ ಕೆಸರಿನಲ್ಲಿ ಮುಖ ಹಾಕಿಕೊಂಡು ಬಿದ್ದಿದ್ದವು.

"ಇದು ಸೋಲ್ವೇಗ್. ನನ್ನ ತಂಗಿ ಹೆಸರು" ಎಂದೆ.

ಬರ್ನಡೀನ್ ಬಗ್ಗಿ ಒಂದು ಹೂವನ್ನು ಎತ್ತಿ ಹಿಡಿದಳು. "ಮುಖ ಲಕ್ಷಣವಾಗಿದೆ. ಕತ್ತೇ ನಿಲ್ಲಲ್ಲ, ಪಾಪ."

"ಒಂದು ಮಳೆಗೇ ಮಲಗಿಬಿಟ್ಟಿದಾಳಲ್ಲಮ್ಮ" ಎಂದರು ವೆಂಡೆಲ್.

"ಕೋಲು ಕಟ್ಟಿದ್ರೆ ನಿಲ್ತಾಳೆ. ಆಸರೆಗೆ ಯಾರಾದ್ರೂ ಇರ್ಬೇಕು ಅವ್ಳಿಗೆ" ಎಂದೆ.

ಆಮೇಲೆ ಹಳದಿಯ ಮುಂದೆ ನಿಲ್ಲಿಸಿದೆ. ಅದೇ ಮಳೆಯಲ್ಲಿ ನೆಂದರೂ ಒಂದು ಹೂವೂ ಬಾಗಿರಲಿಲ್ಲ. ವೆಂಡೆಲ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಇದಕ್ಕೆ ಏನಾದ್ರೂ ಹೆಸರು ಹೇಳಿದ್ನಾ ಓರಿನ್?" ಎಂದರು.

"ಹೇಳಿದಾನೆ. ಆರ್ಡಿಸ್" ಎಂದೆ.

ಬರ್ನಡೀನ್ ನನ್ನ ಕೈ ಹಿಡಿದುಕೊಂಡಳು. "ನಿಮ್ಮನ್ನ ಎಷ್ಟು ಇಷ್ಟಪಡ್ತಿದ್ದ ನೋಡ್ರೀ" ಎಂದು ಕಣ್ಣೊರೆಸಿಕೊಂಡಳು. ಒಳಗೆ ಕರೆದು ಇಬ್ಬರಿಗೂ ಕಾಫಿ, ರೂಬಾರ್ಬ್ ಕೇಕು ಕೊಟ್ಟೆ. ಅವಳು ಎರಡು ಸಲ ಹಾಕಿಸಿಕೊಂಡಳು.

ನಿನ್ನ ಸಹಿಯನ್ನು ಆ ಗುಲಾಬಿ ಬಣ್ಣದ ಗಿಡದ ನೋಂದಣಿ ಅರ್ಜಿಗೆ ಲಗತ್ತಿಸಿ ಕಳಿಸಿದ್ದೇನೆ. ನೀನು ಒಪ್ಪಿಗೆ ಕೊಟ್ಟದ್ದು ಹೆಸರಿಗೆ, ಯಾವ ಗಿಡ ಎಂದು ಅದರಲ್ಲಿಲ್ಲ. ಇನ್ನು ಮೇಲೆ ಸೋಲ್ವೇಗ್ ಎಂದರೆ ಅದೇ. ಬೇಕಾದರೆ ಸಂಘದವರಿಗೆ ಬರೆದು ಜಗಳ ತೆಗೆ, ನಾನು ತಡೆಯುವುದಿಲ್ಲ. ಆದರೆ ಅಷ್ಟು ಒಳ್ಳೆಯ ಹೂವಿಗೆ ಭಾವ ಹೆಂಡತಿಯನ್ನು ಬಿಟ್ಟು ನಾದಿನಿಯ ಹೆಸರನ್ನು ಯಾಕೆ ಇಟ್ಟ ಎಂದು ಅವರು ಕೇಳುತ್ತಾರೆ. ನಿನ್ನ ಗಂಡ ಲೈಲ್ ಕೂಡ ಕೇಳಿಯಾನು. ಅವನು ಹಲ್ಲಿನ ಡಾಕ್ಟರು, ನೋವು ಎಲ್ಲಿದೆ ಎಂದು ಒತ್ತಿ ನೋಡುವುದು ಅವನಿಗೆ ಅಭ್ಯಾಸ.

ಗುಲಾಬಿಯ ಫೋಟೋ ಇದರ ಜೊತೆಗಿದೆ. ಗಿಡ ಕಳಿಸುವುದಿಲ್ಲ. ಪಿಯೋನಿಗೆ ನೆಲ ಹೆಪ್ಪುಗಟ್ಟುವ ಚಳಿ ಬೇಕು, ನಿಮ್ಮ ಕಡೆ ಒಂದು ಹೂವು ಕೂಡ ಬಿಡದೆ ಸಾಯುತ್ತದೆ. ನಿನಗೂ ಲೈಲ್‌ಗೂ ದೇವರು ಆರೋಗ್ಯ ಕೊಡಲಿ. ಬಹಳ ಕಾಲ ಬಾಳು, ನರ್ಸರಿಗಳಲ್ಲಿ ನಿನ್ನ ಹೆಸರನ್ನು ನೋಡುವಷ್ಟು ಕಾಲವಾದರೂ.

ನಿನ್ನ ಅಕ್ಕ,
ಆರ್ಡಿಸ್

ತಾ.ಕ.: ಆ ಗುಲಾಬಿ ಬಣ್ಣದ ಗಿಡ ನಿನಗೆ ಹೊಸದಲ್ಲ. ಓರಿನ್ ಹುಟ್ಟಿಸಿದ ಮೊದಲ ಪಿಯೋನಿ ಅದು. ನಮ್ಮ ಮದುವೆಯಾದ ವರ್ಷ ಅದಕ್ಕೆ ಮನೆಮಟ್ಟಿಗೆ ಆರ್ಡಿಸ್ ಎಂದು ಹೆಸರಿಟ್ಟು ಮನೆಯವರನ್ನೆಲ್ಲ ಕರೆದು ತೋರಿಸಿದ. ನೀನೂ ಬಂದಿದ್ದೆ. "ಭಾವ, ಇದು ತಲೆನೇ ಎತ್ತಲ್ವಲ್ಲ, ಥೇಟ್ ನಮ್ಮಕ್ಕ" ಎಂದೆ ನೀನು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆ ಬೇಸಿಗೆ ಮುಗಿಯುತ್ತಲೇ ಅದನ್ನು ಅಗೆದು ಗೊಬ್ಬರದ ಗುಂಡಿಗೆ ಎಸೆದ. ಅವನು ಕೆಲಸಕ್ಕೆ ಹೋದ ಮೇಲೆ ನಾನು ಗುಂಡಿಗಿಳಿದು ಗಡ್ಡೆಯನ್ನು ಎತ್ತಿ ತಂದು ಗ್ಯಾರೇಜಿನ ಹಿಂದೆ ನೆಟ್ಟೆ. ಎಷ್ಟೋ ವರ್ಷದ ಮೇಲೆ, ಅದು ಮೈತುಂಬ ಅರಳಿದ್ದಾಗ, ಒಮ್ಮೆ ಅವನು ಅದರ ಮುಂದೆ ನಿಂತು "ಇದ್ಯಾವ್ದು?" ಎಂದು ಕೇಳಿದ. ನೆನಪು ಮಾಡಿಕೊಂಡು ಹೆಸರು ಹೇಳುತ್ತಾನೇನೋ ಎಂದು ಅವನ ಮುಖವನ್ನೇ ನೋಡಿದೆ. "ಯಾವ್ದೋ ಕಾಡು ಗಿಡ ಇರ್ಬೇಕು, ಕಿತ್ಹಾಕು" ಎಂದು ಒಳಗೆ ಹೋದ.