ನೀನು ಹರಿಯದ ಅರ್ಜಿ

ಫ್ರೆಸ್ನೋ
ಜುಲೈ 18, ಗುರುವಾರ

ಪ್ರೀತಿಯ ಮಾರಿಸೆಲಾ ಅಕ್ಕಾ,

ನಿನ್ನ ಮಣಿಕಟ್ಟಿನ ನೋವು ಹೇಗಿದೆ? ಕರ್ಬೂಜದ ಸುಗ್ಗಿ ಮುಗಿಯುವವರೆಗೆ ಹಣ್ಣು ತುಂಬುವ ಶೆಡ್ಡಿನಲ್ಲಿ ರಜೆ ಸಿಗುವುದಿಲ್ಲವೆಂದು ಗೊತ್ತು. ಪೆಟ್ಟಿಗೆ ಎತ್ತುವಾಗಲಾದರೂ ಪಟ್ಟಿ ಕಟ್ಟಿಕೋ. ಅಮ್ಮ ಮಾತ್ರೆ ನುಂಗುತ್ತಿದ್ದಾಳೋ, ನುಂಗಿದೆನೆಂದು ಜೇಬಿಗೆ ಹಾಕಿಕೊಳ್ಳುತ್ತಿದ್ದಾಳೋ, ಸ್ವಲ್ಪ ನೋಡು. ನೀನು ಎರಡು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ನಿನ್ನ ದನಿ ಕೇಳಿದರೆ ಇದನ್ನು ಹೇಳಲು ಬಾಯಿ ಬರುವುದಿಲ್ಲ, ಅದಕ್ಕೇ ಈ ಕಾಗದ.

ಲ್ಯಾಟಿನ್ ಅಮೆರಿಕ ಮೂಲದ ನಮ್ಮಂಥ ಕಾಲೇಜು ಹುಡುಗಿಯರ ಈ ನಾಯಕತ್ವ ಶಿಬಿರದಲ್ಲಿ ನಾವು ಇಪ್ಪತ್ತಮೂರು ಮಂದಿ. ಸಭೆ ನಡೆಸುವುದು, ದೊಡ್ಡವರ ಮುಂದೆ ತಲೆಯೆತ್ತಿ ಮಾತಾಡುವುದು, ಎಲ್ಲ ಕಲಿಸುತ್ತಾರೆ. ಮಂಗಳವಾರ ಶಿಬಿರ ನಡೆಸುವ ಓಫೆಲಿಯಾ ಮೇಡಂ, ನಿಮ್ಮ ಓದಿಗೆ ಅಡ್ಡ ಬಂದದ್ದೇನು ಎಂಬುದನ್ನು ಮೂರು ನಿಮಿಷದಲ್ಲಿ ಹೇಳಿ ಎಂದರು. ದಾಲಿಯಾ ಎಂಬವಳ ಅಪ್ಪ ಅವಳ ಪುಸ್ತಕಗಳನ್ನು ಅಂಗಳದಲ್ಲಿ ಸುಟ್ಟಿದ್ದನಂತೆ. ಅವಳು ಅಳದೆ ಹೇಳಿದಳು, ಕೇಳಿದವರು ಅತ್ತರು. ನನ್ನ ಸರದಿ ಬಂದಾಗ ಹೇಳಲು ಏನೂ ಇರಲಿಲ್ಲ. ನನ್ನ ದಾರಿಗೆ ಅಡ್ಡ ಬಂದದ್ದನ್ನೆಲ್ಲ ನೀನು ಮೊದಲೇ ಎತ್ತಿ ಬದಿಗಿಟ್ಟಿದ್ದೆ.

ಅಕ್ಕಾ, ನಾನು ನಿನ್ನ ಹೆಸರು ಹೇಳಿದೆ. ನೀನು ನನ್ನ ಕಾಲೇಜಿನ ಅರ್ಜಿ ಹರಿದೆ, "ಓದಿ ಏನು ಕಡಿದು ಗುಡ್ಡೆ ಹಾಕ್ತೀಯ, ಬಾ, ಹಣ್ಣು ತುಂಬು" ಅಂದೆ ಎಂದು ಅವರಿಗೆ ಹೇಳಿದೆ. ಅಮ್ಮ ಬೇಡವೆಂದಾಗ ಎಂಟು ದಿನ ಅವಳೊಡನೆ ಜಗಳವಾಡಿ ಒಪ್ಪಿಸಿದವಳು ನೀನು. ಅದು ಗೊತ್ತಿದ್ದೂ ಹಾಗೆ ಹೇಳಿದೆ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಹೊತ್ತಿಗೆ ನನಗೆ ಖುಷಿಯಾಯಿತು. ಅದನ್ನೂ ನಿನ್ನಿಂದ ಮುಚ್ಚಿಡುವುದಿಲ್ಲ. ಸಮಾರೋಪದ ಭಾಷಣಕ್ಕೆ ನನ್ನನ್ನೇ ಆರಿಸಿದರು.

ನಮ್ಮ ಬೀದಿಯ ಸಿತ್ಲಾಲಿ ನನ್ನ ಕೋಣೆಯಲ್ಲೇ ಇದ್ದಾಳೆ. ಅಂದು ಸಂಜೆ ಬಟ್ಟೆ ಮಡಚುತ್ತಾ, ನನ್ನ ಮುಖವನ್ನೂ ನೋಡದೆ ಅಂದಳು: "ನಿನ್ನಕ್ಕ ನನ್ನನ್ನೂ ತನ್ನ ಟ್ರಕ್ಕಲ್ಲೇ ಕಾಲೇಜಿಗೆ ಬಿಟ್ಟು ಬಂದಿದ್ಲು ಕಣೇ. ಅವಳ ಮೇಲೆ ಹೀಗೆ ಹೇಳೋಕೆ ನಿಂಗೆ ಹೇಗೆ ಮನಸ್ಸು ಬಂತು?"

ಮರುದಿನ ಬೆಳಗ್ಗೆ ಮೇಡಂ ಹತ್ತಿರ ಹೋಗಿ ಸುಳ್ಳೆಂದು ಒಪ್ಪಿಕೊಂಡೆ. ಅವರು ಬೈಯಲಿಲ್ಲ. "ನಂಗೆ ಹೇಳಿದ್ರೆ ಆಯ್ತಾ? ಕೇಳಿಸ್ಕೊಂಡೋರು ಇಪ್ಪತ್ತೆರಡು ಜನ ಹುಡುಗೀರು, ಅವರಿಗೆ ಹೇಳು" ಅಂದರು. ಹೇಳಿದೆ. ದಾಲಿಯಾ ಮೆಲ್ಲಗೆ, "ಇನ್ನು ನಂದು ನಿಜ ಅಂತ ಯಾರು ನಂಬ್ತಾರೆ?" ಎಂದು ಕೇಳಿದಳು. ನಾನು ಕೆಡಿಸಿದ್ದು ನಿನ್ನ ಹೆಸರೊಂದನ್ನೇ ಅಲ್ಲವೆಂದು ಆಗ ತಿಳಿಯಿತು. ಊಟದ ಹೊತ್ತಿಗೆ ಅವಳ ಎದುರು ಹೋಗಿ ಕ್ಷಮೆ ಕೇಳಿದೆ. ತಲೆಯಾಡಿಸಿದಳು, ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದಳು. ಭಾಷಣ ಈಗ ಅವಳದು. ಅದೇ ಸರಿ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಬೇರೆ ಯಾರಿಂದಲೋ ನಿನ್ನ ಕಿವಿಗೆ ಬೀಳುವ ಮೊದಲು ನನ್ನ ಕೈಯಿಂದಲೇ ತಿಳಿಯಲಿ ಎಂದು ಬರೆದೆ. ಅಮ್ಮನ ಕೆನ್ನೆಗೆ ನನ್ನದೊಂದು ಮುತ್ತು ಕೊಡು.

ನಿನ್ನ ತಂಗಿ,
ಯಾದಿರಾ

ಇದು ಮರೆತು ಕೊನೆಗೆ ಉಳಿಸಿದ್ದಲ್ಲ, ಧೈರ್ಯ ಸಾಲದೆ ಉಳಿಸಿದ್ದು: 28ರ ಭಾನುವಾರ ಮನೆಯವರಿಗೆ ಇಲ್ಲಿ ಊಟ. ಮೊದಲೇ ಕೊಟ್ಟಿದ್ದ ನಿನ್ನ ಹೆಸರನ್ನು ನಾನು ಅತಿಥಿಗಳ ಪಟ್ಟಿಯಿಂದ ತೆಗೆಸಿಲ್ಲ. ನೀನು ಬಂದರೆ ಹುಡುಗಿಯರೆಲ್ಲ ತಿರುಗಿ ನೋಡುತ್ತಾರೆ. ನಾನು ಏನು ಹೇಳಿದ್ದೆ, ನೀನು ಯಾರು, ಎರಡೂ ಅವರಿಗೆ ಗೊತ್ತು. ಆದರೂ ಬರುತ್ತೀಯಾ ಅಕ್ಕಾ? ಹನ್ನೊಂದರಿಂದ ಗೇಟಿನ ಹತ್ತಿರ ನಿಂತಿರುತ್ತೇನೆ.