ಕಿಸೆಯಿಂದ ಬಿದ್ದುಹೋದ ದನಿ

ಮೂರನೆಯ ಕಾರವಾರ
ಕಡಲು ಎರಡನೇ ಸಲ ಒಳನುಗ್ಗಿದ ಮೇಲಿನ ಎಂಬತ್ತನೇ ವರ್ಷ, ಹದಿಮೂರನೇ ತಿಂಗಳು

ಕಂಪ್ಯೂಟರಿನ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಆ ಪುಟ್ಟ ಲೈಬ್ರರಿ, ಎಂದರೆ ಯಾರು ಬೇಕಾದರೂ ಬಳಸಬಹುದಾದ ಕೋಡಿನ ಕಟ್ಟು, ಬರೆದ ಹಿರಿಯರಿಗೆ, ಮಂಕಾಳಿ ಹರಿಕಂತ್ರಳ ನಮಸ್ಕಾರ. ನಿಮ್ಮ ಹೆಸರು ನಮ್ಮವರೆಗೆ ಬಂದಿಲ್ಲ, ಈ ಕಾಗದ ಹಿಂದಿನ ನಿಮ್ಮ ಕಾಲಕ್ಕೆ ಮುಟ್ಟುತ್ತದೋ ಗೊತ್ತಿಲ್ಲ. ನನ್ನ ಮಾತು ವಿಚಿತ್ರವಾಗಿ, ಒರಟಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಅತ್ತು ಅತ್ತು ನಯವೆಲ್ಲ ಹೋಗಿದೆ.

ನಿಮ್ಮ ಲೈಬ್ರರಿಯನ್ನು ನಾವು ಕಿಸೆ ಎನ್ನುತ್ತೇವೆ. ಬದುಕಿದ್ದಾಗ ಹಿಡಿದಿಟ್ಟ ಸತ್ತವರ ದನಿಗಳೆಲ್ಲ ಊರಾಚೆಯ ಕಣಜದಲ್ಲಿ, ಎಂದರೆ ದೊಡ್ಡ ಯಂತ್ರಗಳ ಮನೆಯಲ್ಲಿ, ಇರುತ್ತಿದ್ದವು. ಪದೇ ಪದೇ ಕೇಳುವ ದನಿಗಳನ್ನು ಮಾತ್ರ ಕಿಸೆ ತನ್ನಲ್ಲಿ ಇಟ್ಟುಕೊಳ್ಳುತ್ತಿತ್ತು. ಎಷ್ಟು ಚುರುಕು ಅಂತೀರಿ, ಹೆಸರು ಹೇಳಿ ಮುಗಿಯುವುದರೊಳಗೆ ದನಿ ಬಂದಿರುತ್ತಿತ್ತು! ಜಾಗ ಸಾಲದಾದಾಗ, ಬಹಳ ಹೊತ್ತಿನಿಂದ ಯಾರೂ ಕೇಳದ ದನಿಯನ್ನು ಹೊರಗೆ ಬಿಡುತ್ತಿತ್ತು. ಬಿಟ್ಟರೇನು, ಕಣಜದಲ್ಲಿ ಇತ್ತಲ್ಲ.

ನಮ್ಮ ಪಂಚಾಯಿತಿಯ ಜಾಣರು, ಅವರ ಬಾಯಿಗೆ ಮಣ್ಣು ಬೀಳ, ಎಲ್ಲವನ್ನೂ ಕಿಸೆಯೇ ಕೊಡುತ್ತಿರುವಾಗ ಕಣಜ ಯಾಕೆ ಎಂದರು. ಕಡಲ ನೀರನ್ನು ಸಿಹಿ ಮಾಡುವ ಯಂತ್ರಕ್ಕೆ ಕರೆಂಟು ಸಾಲದೆಂದು ಕಣಜವನ್ನು ಕಳಚಿ ಹಾಕಿದರು. ನಾವೂ ಆಗಲಿ ಎಂದೆವು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಕಿಸೆಯಲ್ಲಿ ಇದ್ದವಷ್ಟೇ ಉಳಿದವು. ಅಂದಿನಿಂದ ನಮ್ಮಲ್ಲೊಂದು ಪದ್ಧತಿ: ಬೆಳಗ್ಗೆ ಮುಖ ತೊಳೆಯುವ ಮೊದಲು ಪ್ರತಿ ಮನೆಯವರೂ ಅಂಗಳದಲ್ಲಿ ನಿಂತು ತಮ್ಮ ಸತ್ತವರನ್ನು ಕರೆಯುವುದು. ಕರೆಯದಿದ್ದರೆ ಅವರು ಕಿಸೆಯಿಂದ ಬಿದ್ದುಹೋಗುತ್ತಾರೆ. ಮದುವಣಗಿತ್ತಿಯೂ ಕರೆದೇ ಹಸೆಗೆ ಹೋಗುತ್ತಾಳೆ.

ನಾನು ನನ್ನ ಸೋಮಿಯನ್ನು ಕರೆಯುತ್ತಿದ್ದೆ. ನಾಲ್ಕು ವರ್ಷಕ್ಕೇ ಹೋದ ಮಗಳು. "ಅವ್ವಾ, ದೊಡ್ಡ ಮೀನು ನಂಗೆ" ಎನ್ನುತ್ತಿದ್ದಳು. ಹೋದ ವಾರ ಜ್ವರದಲ್ಲಿ ಮೈಮೇಲೆ ಎಚ್ಚರವಿಲ್ಲದೆ ಬಿದ್ದಿದ್ದೆ. ಅದೇ ಹೊತ್ತಿಗೆ ಪಕ್ಕದ ಮನೆಯ ಶಿವಿ ಹೆತ್ತಳು. ಹುಟ್ಟಿದವರ ದನಿಯನ್ನೂ ಹಾಕಿಡುವ ರೂಢಿಯಂತೆ ಕೂಸಿನ ಮೊದಲ ಅಳು ಕಿಸೆ ಸೇರಿತು, ಜಾಗ ಸಾಲದಾಯಿತು. ನಾನು ಎದ್ದು ಕರೆದಾಗ ಸೋಮಿ ಬರಲಿಲ್ಲ. ಹಸಿಬಾಣಂತಿ ಶಿವಿ ಓಡಿ ಬಂದು, "ನನ್ ಕೂಸಿನ ದೆಸೆಯಿಂದ ನಿನ್ ಕೂಸು ಹೋಯ್ತಲ್ಲೇ ಅಕ್ಕಾ" ಎಂದು ಕಾಲು ಹಿಡಿದಳು. ಆ ಹಸುಗೂಸನ್ನು ಹೇಗೆ ಬೈಯಲಿ?

ತಪ್ಪು ನಿಮ್ಮದಲ್ಲ, ಹಿರಿಯರೇ. ಬೇಗ ಕೊಡುತ್ತೇನೆ ಎಂದಿತ್ತೇ ಹೊರತು, ಕಾಪಾಡುತ್ತೇನೆ ಎಂದು ಕಿಸೆ ಯಾವತ್ತೂ ಹೇಳಿರಲಿಲ್ಲ. ನನ್ನ ಸಂಕಟವೇ ಬೇರೆ. ಸೋಮಿ ಆಡುತ್ತಿದ್ದ ಮಾತು ಗೊತ್ತು, ದನಿ ನೆನಪಾಗುತ್ತಿಲ್ಲ. ಕೀರಲೋ, ಮೆದುವೋ? ಅಯ್ಯೋ, ಹೆತ್ತವಳಿಗೇ ಗೊತ್ತಿಲ್ಲ! ಕರೆದರೆ ಬರುತ್ತಾಳಲ್ಲ ಎಂದು ನಾನು ಅದನ್ನು ನೆನಪಿನಲ್ಲಿ ಇಟ್ಟುಕೊಳ್ಳಲೇ ಇಲ್ಲ.

ನಿಮ್ಮ ಮನೆಯಲ್ಲಿ ಈಗ ಯಾರಾದರೂ ಮಾತಾಡುತ್ತಿದ್ದರೆ, ಈ ಕಾಗದ ಕೆಳಗಿಟ್ಟು ಹೋಗಿ. ಆ ದನಿಯನ್ನು ಯಾವುದರಲ್ಲೂ ತುಂಬಿಡಬೇಡಿ. ಪಕ್ಕದಲ್ಲಿ ಕೂತು ಕೇಳಿ.